ಚುನಾವಣೆಯ ಕಾವಿಗೆ ಧಾರಾವಾಹಿಯ ತಂಪು

ಚುನಾವಣೆಗೂ ರಕ್ತದೊತ್ತಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಅಮೆರಿಕದಲ್ಲಿ 2016ರ ಅಧ್ಯಕ್ಷೀಯ ಚುನಾವಣೆ ಮುಗಿದ ಎರಡು ದಿನಗಳಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆಸ್ಪತ್ರೆ ಸಮೂಹದಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆಯಿಂದ ದಾಖಲಾದವರ ಪ್ರಮಾಣ, ಹಿಂದಿನ ವಾರದ ಅದೇ ಎರಡು ದಿನಗಳ 1.62 ಪಟ್ಟು ಇತ್ತು. ಚುನಾವಣೆಯೊಂದೇ ಕಾರಣ ಎಂದು ಇದರಿಂದ ಖಚಿತವಾಗಿ ಹೇಳಲಾಗದು. ಆದರೂ ವೈದ್ಯರು ಗಮನಿಸಬೇಕಾದ ಸಂಗತಿ ಇದು.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಸಮೀಕ್ಷೆಗಳಲ್ಲಿ ಚುನಾವಣೆ ತಮಗೆ ಗಣನೀಯ ಮಾನಸಿಕ ಒತ್ತಡ ತಂದಿದೆ ಎಂದವರು 2016ರಲ್ಲಿ ಶೇಕಡಾ 52. 2020ರಲ್ಲಿ ಶೇಕಡಾ 68. ಮಗನೋ ಮಗಳೋ ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೂ ಈ ಆತಂಕದ ಪರಿಚಯ ಇರಬಹುದು.

ದೇಹದಲ್ಲಿ ಆಗುವುದೇನು?

ಕೋಪ, ಭಯಗಳು ಟೀವಿಯ ಎದುರು ಹುಟ್ಟಿದರೂ ದೇಹಕ್ಕೆ ಅದು ನಿಜವಾದ ಅಪಾಯವೇ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ, ರಕ್ತದೊತ್ತಡ ಏರುತ್ತವೆ, ನಿದ್ದೆ ದೂರವಾಗುತ್ತದೆ. ಸುದ್ದಿ ದಿನವಿಡೀ ಹರಿಯುತ್ತಿದ್ದರೆ ಇಳಿಯಬೇಕಾದ ಒತ್ತಡ ಇಳಿಯುವುದೇ ಇಲ್ಲ.

ಈ ದಿನಗಳಲ್ಲಿ ಅನೇಕ ಅಮೆರಿಕನ್ನರು ಒಂದು ಹಳೆಯ ಧಾರಾವಾಹಿಯ ಮೊರೆಹೋದರು. ಅದು 'ದಿ ವೆಸ್ಟ್ ವಿಂಗ್'. 1999ರಿಂದ 2006ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದ ಇದರಲ್ಲಿ ಮಾರ್ಟಿನ್ ಶೀನ್ ಅವರದು ಬಾರ್ಟ್‌ಲೆಟ್ ಎಂಬ ಅಧ್ಯಕ್ಷನ ಪಾತ್ರ. 2020ರ ಚುನಾವಣೆಗೆ ಮುನ್ನ ಅದೇ ನಟರು ಮತ್ತೆ ಸೇರಿ, ಹಳೆಯ ಕಂತೊಂದನ್ನು ರಂಗದ ಮೇಲೆ ಅಭಿನಯಿಸಿ, ಮತ ಹಾಕುವಂತೆ ಜನರನ್ನು ಕೇಳಿಕೊಂಡರು.

ಸಮಾಧಾನ ಏಕೆ?

ಮೊದಲನೆಯದಾಗಿ, ನೋಡಿದ ಕಥೆಯ ಕೊನೆ ನಮಗೆ ಗೊತ್ತು. ಮುಂದೇನಾಗುವುದೋ ಎಂಬ ಅನಿಶ್ಚಿತತೆಯೇ ಆತಂಕದ ಬೇರು. ಪರಿಚಿತ ಕಥೆಯಲ್ಲಿ ಅದಿಲ್ಲ.

ಎರಡನೆಯದಾಗಿ, ಇಲ್ಲಿ ಎದುರಾಳಿ ಶತ್ರುವಲ್ಲ. ಕೊನೆಯ ಭಾಗದಲ್ಲಿ ಚುನಾವಣೆ ಗೆದ್ದ ಸ್ಯಾಂಟೋಸ್, ತನ್ನೆದುರು ಸೋತ ವಿನಿಕ್‌ನನ್ನೇ ಕರೆದು ವಿದೇಶಾಂಗ ಖಾತೆ ವಹಿಸಿಕೊಳ್ಳುವಂತೆ ಕೇಳುತ್ತಾನೆ.

ಮೂರನೆಯದು ವೈದ್ಯನಾದ ನನಗೆ ಹೆಚ್ಚು ಮೆಚ್ಚಿಗೆಯಾದದ್ದು. ಬಾರ್ಟ್‌ಲೆಟ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುತ್ತದೆ. ನರಗಳ ಹೊದಿಕೆ ಹಾಳಾಗುವ ಕಾಯಿಲೆ ಇದು. ಅದನ್ನು ಮತದಾರರಿಂದ ಮುಚ್ಚಿಟ್ಟಿರುತ್ತಾನೆ. ವೈದ್ಯೆಯಾದ ಹೆಂಡತಿ ಗುಟ್ಟಾಗಿ ಔಷಧಿ ಕೊಡುತ್ತಿರುತ್ತಾಳೆ. ಗುಟ್ಟು ಹೊರಬಿದ್ದ ಮೇಲೆ ಆತ ಸಂಸತ್ತಿನ ಛೀಮಾರಿಯನ್ನು ಒಪ್ಪಿಕೊಳ್ಳುತ್ತಾನೆ. ಆಕೆ ತನ್ನ ವೈದ್ಯಕೀಯ ಪರವಾನಗಿ ಬಿಟ್ಟುಕೊಡುತ್ತಾಳೆ. ಆದರ್ಶವೆಂದರೆ ತಪ್ಪೇ ಮಾಡದವರ ಕಥೆಯಲ್ಲ, ತಪ್ಪಿಗೆ ಹೊಣೆ ಹೊರುವವರ ಕಥೆ. ನೊಂದ ಮನಸ್ಸು ಬಯಸುವುದು ಇದನ್ನೇ.

ಅಳತೆ ಮೀರದಿರಲಿ

ಆದರೆ ನೆನಪಿರಲಿ, ಇದು ಜ್ವರದ ಮಾತ್ರೆಯಿದ್ದಂತೆ. ತಾಪ ಇಳಿಸುತ್ತದೆ, ರೋಗದ ಮೂಲ ತೆಗೆಯುವುದಿಲ್ಲ. ಕಥೆಯಲ್ಲಿ ಮುಕ್ಕಾಲು ಗಂಟೆಯಲ್ಲಿ ಬಗೆಹರಿಯುವ ಸಮಸ್ಯೆ ನಿಜಜೀವನದಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ನಿಜವಾದ ರಾಜಕಾರಣಿಗಳು ಧಾರಾವಾಹಿಯವರಂತಿಲ್ಲ ಎಂದು ಬೇಸತ್ತು ಮತಗಟ್ಟೆಗೇ ಹೋಗದಿದ್ದರೆ ಔಷಧಿಯೇ ವಿಷವಾದಂತೆ.

ಯಾವ ದೇಶದ, ಯಾವ ಚುನಾವಣೆಯೇ ಇರಲಿ, ಈ ಕೆಲವು ಸೂಚನೆಗಳನ್ನು ಪಾಲಿಸಿ:

* ಸುದ್ದಿಯನ್ನು ದಿನಕ್ಕೆ ಎರಡು ಹೊತ್ತು ಮಾತ್ರ ನೋಡಿ. ಮಲಗುವ ಮುನ್ನ ಬೇಡ.
* ಮೆಚ್ಚಿನ ಧಾರಾವಾಹಿ ಒಂದು ಕಂತು ಸಾಕು. ನಿದ್ದೆಗೆಟ್ಟು ನೋಡಿದರೆ ಸಿಕ್ಕ ಲಾಭವೂ ಹೋಗುತ್ತದೆ.
* ಸಾಧ್ಯವಾದರೆ ಬೇರೆ ಪಕ್ಷದ ಒಲವಿರುವ ಮನೆಯವರೊಂದಿಗೇ ಕುಳಿತು ನೋಡಿ. ಊಟದ ಹೊತ್ತಿನಲ್ಲಿ ರಾಜಕೀಯ ಬೇಡ.
* ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಫಲಿತಾಂಶದ ದಿನವೂ ತಪ್ಪಿಸಬೇಡಿ.
* ಎದೆನೋವು, ಉಸಿರಾಟದ ತೊಂದರೆ, ಕೈಕಾಲಿನ ಬಲಹೀನತೆ, ಮಾತಿನ ತೊದಲು ಕಂಡರೆ 'ಟೆನ್ಷನ್' ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಿ.
* ಎರಡು ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ಸರ್ಕಾರಗಳು ಬದಲಾಗುತ್ತವೆ. ಒಡೆದ ಸ್ನೇಹ, ಹಾಳಾದ ಹೃದಯ ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ.