ಮನೋರೋಗಿಯ ಮನೆಯವರಿಗೆ ಸಾವಧಾನದ ಶಿಕ್ಷಣ

ನಮ್ಮ ದೇಶದ ಅತಿ ದೊಡ್ಡ ಮಾನಸಿಕ ದವಾಖಾನೆ ಯಾವದೆಂದು ಯಾರನ್ನಾದರೂ ಕೇಳಿದರೆ ಬೆಂಗಳೂರಿನದನ್ನೋ ರಾಂಚಿಯದನ್ನೋ ಹೆಸರಿಸುವರು. ವಸ್ತುಸ್ಥಿತಿಯು ಬೇರೆಯಾಗಿದೆ. ಸ್ಕಿಜೋಫ್ರೇನಿಯಾ ಎಂಬ ಘೋರ ಮನೋವ್ಯಾಧಿಗೆ ತುತ್ತಾದವರಲ್ಲಿ ಬಹುತೇಕ ಜನರು ನಮ್ಮಲ್ಲಿ ತಂದೆತಾಯಿಗಳ, ಹೆಂಡತಿಯ, ಇಲ್ಲವೆ ಒಡಹುಟ್ಟಿದವರ ಆಶ್ರಯದಲ್ಲಿಯೇ ಬಾಳುತ್ತಾರೆ. ಆ ಮನೆಯ ಪಡಸಾಲೆಯೇ ವಾರ್ಡು. ತಾಯಿಯೇ ನರ್ಸು, ತಾಯಿಯೇ ರಾತ್ರಿಯ ಕಾವಲು, ಗುಳಿಗೆಗಳ ಲೆಕ್ಕವಿಡುವವಳೂ ಅವಳೇ. ಅವಳಿಗೆ ಪಾಳಿಯಿಲ್ಲ, ರಜೆಯಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಈ ದವಾಖಾನೆಯ ಸಿಬ್ಬಂದಿಗೆ ನಾವು ಯಾವ ಶಿಕ್ಷಣವನ್ನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳುವದು ಅವಶ್ಯವೆಂದು ನಮಗೆ ತೋರುತ್ತದೆ.

ಇಂಥ ಮನೆಗಳು ಎಲ್ಲಿಯೋ ಒಂದೆರಡು ಇರಬಹುದೆಂದು ವಾಚಕರು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಯಿಸಿತು. (ಆ ಹನ್ನೆರಡರಲ್ಲಿ ಕರ್ನಾಟಕವು ಸೇರಿರಲಿಲ್ಲ.) ಸ್ಕಿಜೋಫ್ರೇನಿಯಾ ಮತ್ತು ಅದರ ಬಳಗದ ಚಿತ್ತವಿಕಾರಗಳಿಂದ ಆಗ ಬಳಲುತ್ತಿದ್ದವರು ಪ್ರಾಯಸ್ಥರಲ್ಲಿ ನೂರಕ್ಕೆ 0.4ರಷ್ಟು ಎಂದು ಕಂಡುಬಂದಿತು. ಅದೇ ಲೆಕ್ಕವನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡಿದರೆ, ಹತ್ತು ಸಾವಿರ ಪ್ರಾಯಸ್ಥರಿರುವ ಊರಿನಲ್ಲಿ ನಾಲ್ವತ್ತು ಜನರಾದರು. ನಾಲ್ವತ್ತು ಮನೆಗಳೆಂದರೆ ಒಂದು ಓಣಿಯೇ ಆಯಿತು. ಆದರೆ ಅವು ಒಂದೇ ಓಣಿಯಲ್ಲಿಲ್ಲ. ಊರ ತುಂಬ ಚದುರಿ, ಕದವಿಕ್ಕಿಕೊಂಡು, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ ಕುಳಿತಿವೆ. ಇಂಥ ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂಬದೂ ಅದೇ ಸಮೀಕ್ಷೆಯ ಮಾತು.

ಹೊರಗಿನವರು ಈ ಬೇನೆಯನ್ನು ಕೂಗಾಟದ, ಹೊಡೆದಾಟದ ಬೇನೆಯೆಂದು ಭಾವಿಸುತ್ತಾರೆ. ಇಲ್ಲದ ದನಿಗಳು ಕೇಳಿಸುವದು, ನೆರೆಯವರು ವಿಷವಿಕ್ಕುತ್ತಾರೆಂಬ ಸಂಶಯ ಮುಂತಾದವುಗಳು ಇದ್ದೇ ಇವೆ. ಔಷಧದಿಂದ ಅವು ಅನೇಕರಲ್ಲಿ ತಗ್ಗುತ್ತವೆ. ಮನೆಯವರನ್ನು ವರ್ಷಗಟ್ಟಲೆ ಸವೆಯಿಸುವದು ಬೇರೊಂದು. ಇಪ್ಪತ್ತೆಂಟು ವರ್ಷದ ಮಗನು ಮುಂಜಾನೆಯಿಂದ ಸಂಜೆಯ ವರೆಗೆ ಗೋಡೆಗೆ ಒರಗಿ ಕುಳಿತಿರುತ್ತಾನೆ. ಸ್ನಾನವಿಲ್ಲ, ಮಾತಿಲ್ಲ, ಕೆಲಸವಿಲ್ಲ, ನಗುವೂ ಇಲ್ಲ. ಇದು ರೋಗದ ಲಕ್ಷಣವೇ ಎಂದು ವೈದ್ಯರು ಹೇಳುತ್ತಾರೆ. ಆದರೆ ಮನೆಯ ಕಣ್ಣಿಗೆ ಅದು ಮೈಗಳ್ಳತನವಾಗಿ ಕಾಣುತ್ತದೆ. "ತಿನ್ನಲಿಕ್ಕೆ ಮಾತ್ರ ಬರತದ" ಎಂಬ ಮಾತು ಬಾಯಿಂದ ಜಾರಿಬೀಳುವದು ಇಂಥ ಗಳಿಗೆಯಲ್ಲಿಯೇ.

ಆ ಒಂದು ಮಾತಿನ ಬೆಲೆ ಎಷ್ಟೆಂಬದನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. 1950ರ ದಶಕದಲ್ಲಿ ಲಂಡನ್ನಿನ ಸಂಶೋಧಕರಿಗೆ ಒಂದು ವಿಚಿತ್ರವು ಕಂಡುಬಂದಿತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ತಾಯಿಯ ಇಲ್ಲವೆ ಹೆಂಡತಿಯ ಬಳಿಗೆ ಹೋದ ರೋಗಿಗಳಿಗಿಂತ, ಬಾಡಿಗೆಯ ಕೋಣೆಗಳಿಗೆ ಹೋದವರ ಸ್ಥಿತಿಯೇ ಉತ್ತಮವಾಗಿತ್ತು! ಜಾರ್ಜ ಬ್ರೌನ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ಬೆನ್ನುಹತ್ತಿದರು. ಮನೆಯವರ ಟೀಕೆ, ದ್ವೇಷ, ಹಾಗೂ ಮಿತಿಮೀರಿದ ಕಳವಳ ಇವು ಮೂರೂ ಕೂಡಿ ರೋಗವನ್ನು ಮರುಕಳಿಸುತ್ತವೆಂಬದು ಅವರ ಶೋಧವು. 1976ರಲ್ಲಿ ವಾನ್ ಮತ್ತು ಲೆಫ್ ಎಂಬವರು ಇದನ್ನು ಇನ್ನಷ್ಟು ಸ್ಥಿರಪಡಿಸಿದರು. ಇಂಥ ಮನೆಯಲ್ಲಿ ವಾರಕ್ಕೆ 35 ತಾಸುಗಳಿಗಿಂತ ಹೆಚ್ಚು ಕಾಲ ಮುಖಾಮುಖಿಯಾಗಿರುವ ರೋಗಿಗೆ ಅಪಾಯವು ಹೆಚ್ಚು. ಒಂದೇ ಕೋಣೆಯ ಮನೆಯಲ್ಲಿ 35 ತಾಸುಗಳು ಮುಗಿಯಲಿಕ್ಕೆ ಮೂರು ದಿನವೂ ಬೇಕಾಗುವದಿಲ್ಲವೆಂದು ನಾವು ಸೇರಿಸಬಯಸುತ್ತೇವೆ.

ಇದೇ ಅಳತೆಗೋಲನ್ನು ಮುಂದೆ ಚಂಡೀಗಡದಲ್ಲಿ ಹಿಡಿದು ನೋಡಿದರು. 1987ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಲಂಡನ್ನಿನಲ್ಲಿ ಸುಮಾರು ಅರ್ಧದಷ್ಟು ಮನೆಗಳು ಇಂಥ ಕಾವಿನ ಮನೆಗಳಾಗಿದ್ದರೆ ಚಂಡೀಗಡದಲ್ಲಿ ಅವು ಕಾಲು ಭಾಗದಷ್ಟು ಮಾತ್ರವೇ ಇದ್ದವು. ಇದನ್ನೋದಿ ನಮ್ಮ ಸಂಸ್ಕೃತಿಯ ಹಿರಿಮೆಯೆಂದು ಎದೆಯುಬ್ಬಿಸುವವರು ಹಲವರು. ಎದೆಯುಬ್ಬಿಸುವ ಮುನ್ನ ಆ ತಾಳ್ಮೆಯ ವೆಚ್ಚವನ್ನು ಯಾರು ತೆತ್ತರೆಂದು ವಿಚಾರಿಸುವದು ಒಳಿತು. ಹತ್ತು ಜನರ ಕುಟುಂಬದಲ್ಲಿ ಹಂಚಿಹೋಗುತ್ತಿದ್ದ ಭಾರವು ಇಂದು ಮೂವರ ಮನೆಯಲ್ಲಿ ಒಬ್ಬಳ ಹೆಗಲಿಗೆ ಬಂದಿದೆ.

ಆ ಭಾರಕ್ಕೂ ಒಂದು ಅಳತೆಯುಂಟು, ಮತ್ತು ಅದನ್ನು ಸಿದ್ಧಪಡಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬದನ್ನು ಅಭಿಮಾನದಿಂದ ಹೇಳಬಹುದು. ನಿಮ್ಹಾನ್ಸಿನ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಇವರು 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಮನೆಯ ಹಣಕಾಸು, ದಿನಚರಿ, ವಿರಾಮ, ನೆಂಟರಿಷ್ಟರ ಸಂಬಂಧ, ಉಳಿದವರ ದೇಹಸ್ಥಿತಿ ಮತ್ತು ಮನಃಸ್ಥಿತಿ, ಎಲ್ಲವನ್ನೂ ಒಂದೊಂದಾಗಿ ಕೇಳುತ್ತದೆ. ಮಗಳ ಮದುವೆ ತಪ್ಪಿತೇ, ಹಬ್ಬಕ್ಕೆ ಹೋಗುವದು ನಿಂತಿತೇ, ಸಾಲವಾಯಿತೇ ಎಂಬಂಥ ಸಂಗತಿಗಳು ರೋಗಿಯ ಕೇಸುಪೇಪರಿನಲ್ಲಿ ಬರೆಯಲ್ಪಡದಿದ್ದರೂ ರೋಗದ ಭಾಗಗಳೇ ಆಗಿವೆ.

ಇನ್ನು ಉಪಾಯದ ವಿಚಾರ. ಇತ್ತೀಚೆಗೆ ಇಂಥ ಆರೈಕೆದಾರರಿಗೆಂದು ಹಲವು ದೇಶಗಳಲ್ಲಿ ಕೊಡಲಾಗುತ್ತಿರುವ ಶಿಕ್ಷಣಕ್ಕೆ ಮೈಂಡ್‌ಫುಲ್‌ನೆಸ್ ಎಂದು ಹೆಸರು. ಬೌದ್ಧರು ಪಾಲಿಯಲ್ಲಿ 'ಸತಿ' ಎಂದು, ಸಂಸ್ಕೃತದಲ್ಲಿ 'ಸ್ಮೃತಿ' ಎಂದು ಕರೆದ ಸಾಧನೆಯೇ ಇದರ ಮೂಲ. 1979ರಲ್ಲಿ ಅಮೇರಿಕೆಯ ಮ್ಯಾಸಚೂಸೆಟ್ಸ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅದರಿಂದ ಮತಧರ್ಮದ ಭಾಗವನ್ನು ತೆಗೆದಿರಿಸಿ, ಬಹುಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಎಂಟು ವಾರಗಳ ಪಾಠವಾಗಿ ರೂಪಿಸಿದರು. ನಾವು ಅದನ್ನು ಸಾವಧಾನವೆಂದು ಕರೆದಿದ್ದೇವೆ. ಮದುವೆಯಲ್ಲಿ ಪುರೋಹಿತರು ಮಂಗಲಾಷ್ಟಕದ ಕೊನೆಗೆ ಆ ಶಬ್ದವನ್ನೇ ಕೂಗಿ ಹೇಳುತ್ತಾರೆ. ಕೈಯಲ್ಲಿ ಅಕ್ಷತೆ ಹಿಡಿದವರ ಗಮನ ಮಾತ್ರ ಊಟದ ಪಂಕ್ತಿಯ ಮೇಲೆಯೇ ಇರುತ್ತದೆ.

ಈ ಪಾಠದಲ್ಲಿ ಗೂಢವಾದದ್ದು ಏನೂ ಇಲ್ಲ. ಕುರ್ಚಿಯ ಮೇಲೋ ಚಾಪೆಯ ಮೇಲೋ ಕುಳಿತು ಉಸಿರು ಒಳಬಂದು ಹೊರಹೋಗುವದನ್ನು ಗಮನಿಸುವದು; ಮನಸ್ಸು ಅಲೆದರೆ ಬಯ್ದುಕೊಳ್ಳದೆ ಹಿಂದಕ್ಕೆ ತರುವದು; ಮಲಗಿಕೊಂಡು ಕಾಲ್ಬೆರಳಿನಿಂದ ನೆತ್ತಿಯ ವರೆಗೆ ಮೈಯ ಒಂದೊಂದು ಭಾಗವನ್ನೂ ಅರಿಯುತ್ತ ಹೋಗುವದು; ನಿಧಾನವಾಗಿ ಹೆಜ್ಜೆಯಿಡುವದು. ಇದರ ಫಲವು ಕುಳಿತಲ್ಲಿ ಅಲ್ಲ, ಅಡಿಗೆಮನೆಯಲ್ಲಿ ಕಾಣಬೇಕು. ಮೂರು ದಿನ ಸ್ನಾನ ಮಾಡದ ಮಗನನ್ನು ಕಂಡಾಗ ತಾಯಿಯ ಎದೆಯಲ್ಲಿ ಬಿಸಿಯೇರುತ್ತದೆ, ದವಡೆ ಬಿಗಿಯುತ್ತದೆ, ಮಾತು ನಾಲಗೆಯ ತುದಿಗೆ ಬರುತ್ತದೆ. "ಇದೀಗ ಸಿಟ್ಟು ಬಂದಿದೆ" ಎಂದು ತನ್ನಲ್ಲಿಯೇ ಗುರುತಿಸಿಕೊಳ್ಳುವಷ್ಟು ಎಡೆ ಅವಳಿಗೆ ದೊರೆತರೆ, ಆ ಮಾತು ಹೊರಬೀಳದೆ ಉಳಿಯಬಹುದು, ಅಥವಾ ಮೆತ್ತಗಾಗಿ ಹೊರಬೀಳಬಹುದು. ಸಿಟ್ಟು ಬರಲೇಬಾರದೆಂದು ಈ ಪಾಠವು ಹೇಳುವದಿಲ್ಲ. ಹಾಗೆ ಹೇಳುವ ಉಪದೇಶಕರು ನಮ್ಮಲ್ಲಿ ಮೊದಲೇ ಬೇಕಾದಷ್ಟಿದ್ದಾರೆ.

ನಿಮ್ಹಾನ್ಸಿನ ವೈದ್ಯರು ಇದರ ನೆರೆಯ ಹಾದಿಯೊಂದನ್ನು ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 29 ಜನ ಆರೈಕೆದಾರರನ್ನು ಎರಡು ಗುಂಪು ಮಾಡಿ ಒಂದಕ್ಕೆ ಯೋಗಾಭ್ಯಾಸವನ್ನು ಕಲಿಸಿದರು. ಕಲಿತವರ ಭಾರವು ತಗ್ಗಿದ್ದೂ ಜೀವನದ ಗುಣಮಟ್ಟ ಏರಿದ್ದೂ ಕಂಡುಬಂದಿತು. ಯೋಗಾಭ್ಯಾಸವೂ ಸಾವಧಾನವೂ ಒಂದೇ ಅಲ್ಲ, ನೆಂಟಸ್ತಿಕೆಯುಳ್ಳವು. ಪ್ರಯೋಗವು ಚಿಕ್ಕದು, 29 ಜನರಿಂದ ಒಂದು ದೇಶದ ಮೇಲೆ ತೀರ್ಪು ಕೊಡುವದು ಸಲ್ಲದು. ಅಲ್ಲದೆ ಇದನ್ನು ರೋಗಿಯ ಔಷಧಕ್ಕೆ ಬದಲೆಂದು ಯಾರೂ ತಿಳಿಯಕೂಡದು. ನಾವು ಹೇಳುತ್ತಿರುವದು ಮನೆಯವರ ವಿಷಯ. ರೋಗಿಯ ಗುಳಿಗೆಯನ್ನು ನಿಲ್ಲಿಸಿ ಕಣ್ಣುಮುಚ್ಚಿ ಕೂಡ್ರಿಸುವದು ಅಪಾಯಕರವಾದ ಕೆಲಸ.

ನಮ್ಮ ನಿಜವಾದ ಅಂಜಿಕೆಯು ಇನ್ನೊಂದು. ಉಸಿರಾಟಕ್ಕೆ ಖರ್ಚಿಲ್ಲ. ಆದ್ದರಿಂದ ಖರ್ಚಿಗೆ ಹಿಂಜರಿಯುವ ಸರಕಾರಗಳಿಗೆ ಈ ಉಪಾಯವು ಬಹಳ ರುಚಿಸುವ ಸಂಭವವಿದೆ. ಹತ್ತು ವರ್ಷಗಳಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ರಿಸದ ಅರವತ್ತರ ತಾಯಿಗೆ "ಅಮ್ಮಾ, ಉಸಿರನ್ನು ಗಮನಿಸಿರಿ" ಎಂದು ಹೇಳಿ ಕಳುಹಿಸುವದು ಚಿಕಿತ್ಸೆಯಲ್ಲ, ಕೈತೊಳೆದುಕೊಳ್ಳುವದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯದೆಯ 18ನೆಯ ಕಲಮು ರೋಗಿಯ ಕುಟುಂಬಕ್ಕೆ ಬೆಂಬಲ ಕೊಡುವ ಸೇವೆಗಳನ್ನೂ ಅರ್ಧದಾರಿಯ ಮನೆಗಳನ್ನೂ ಸರಕಾರವು ಒದಗಿಸತಕ್ಕದ್ದೆಂದು ವಿಧಿಸಿದೆ. ಇದು ದಾನದ ಮಾತಲ್ಲ, ಕಾಯದೆಯ ಮಾತು. ಔಷಧದ ಅಭಾವವಿಲ್ಲದ ಜಿಲ್ಲಾ ದವಾಖಾನೆ, ತಿಂಗಳಿಗೆ ಎರಡು ದಿನವಾದರೂ ರೋಗಿಯನ್ನು ನೋಡಿಕೊಂಡು ತಾಯಿಗೆ ಬಿಡುವು ಕೊಡುವ ಒಂದು ತಾಣ, ಸಕಾಲಕ್ಕೆ ಬರುವ ಮಾಸಾಶನ: ಇವುಗಳ ಸಂಗಡ ಸಾವಧಾನದ ಪಾಠವೂ ಬಂದರೆ ಸ್ವಾಗತ. ಇವುಗಳ ಬದಲಿಗೆ ಅದು ಬಂದರೆ ನಾವು ವಿರೋಧಿಸುತ್ತೇವೆ.

ಮನೆಯವರನ್ನು ಅಪರಾಧಿಗಳನ್ನಾಗಿ ಮಾಡದೆ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವದು ನಮಗೆ ಹೊಸದೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯರಾಗಿದ್ದ ಡಾ. ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಬಾಗಿಲಲ್ಲಿಯೇ ಹಿಂದಿರುಗಿಸದೆ, ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹೊಡೆಯಿಸಿ ಅವರನ್ನು ರೋಗಿಯೊಡನೆಯೇ ಇರಿಸಿಕೊಂಡರು. ಒಬ್ಬನ ತಾಯಿಯು ಇನ್ನೊಬ್ಬನ ತಂದೆಯ ಮಾತನ್ನು ಕೇಳಿದಳು. ರೋಗಿಯು ಸುಧಾರಿಸುವದನ್ನು ಬಂಧುಗಳು ತಮ್ಮ ಕಣ್ಣಿನಿಂದಲೇ ಕಂಡು, ಅವನನ್ನು ಮನೆಗೆ ಕರೆದೊಯ್ದರು. ಪಶ್ಚಿಮದ ದೇಶಗಳಲ್ಲಿ ಕುಟುಂಬವನ್ನು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ನಡೆದ ಕೆಲಸವಿದು. ಇದಕ್ಕೆ ಬೇಕಾದದ್ದು ಬಟ್ಟೆಯ ಡೇರೆ, ಮತ್ತು ಸಂಜೆ ಮನೆಗೆ ಅವಸರಪಡದ ಒಬ್ಬ ವೈದ್ಯ. ಮುಂದೆ ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕುಟುಂಬದವರನ್ನು ಜೊತೆಗಿರಿಸಿಕೊಂಡು ಚಿಕಿತ್ಸೆ ಮಾಡುವ ಪದ್ಧತಿಯು ಬೆಳೆಯಿತು.

ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1996ರಿಂದ ನಡೆದುಬಂದಿರುವ ಆ ಕಾರ್ಯಕ್ರಮದ ಆಧಾರದ ಮೇಲೆಯೇ ಈ ಶಿಕ್ಷಣವನ್ನು ಕೊಡಬಹುದು. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿಯನ್ನು 14416ಕ್ಕೆ ಕರೆಮಾಡಿ ಮನೆಯವರೂ ಉಪಯೋಗಿಸಿಕೊಳ್ಳಬಹುದೆಂಬದನ್ನು ಅನೇಕರು ಅರಿಯರು. ಅಮೇರಿಕೆಯ ಪಾಠದಲ್ಲಿ ವಾರಕ್ಕೊಮ್ಮೆ ಎರಡೂವರೆ ತಾಸಿನ ತರಗತಿ, ಮನೆಯಲ್ಲಿ ದಿನಾಲು ಮುಕ್ಕಾಲು ತಾಸಿನ ಅಭ್ಯಾಸ. ಕೂಲಿಗೆ ಹೋಗುವ ತಾಯಿಗೆ ಮುಕ್ಕಾಲು ತಾಸು ಎಲ್ಲಿಂದ ಬರಬೇಕು? ಹತ್ತು ನಿಮಿಷದ ಪಾಠ ಬೇಕು; ಇಂಗ್ಲಿಷಿನಿಂದ ಎತ್ತಿತಂದ ಕನ್ನಡದಲ್ಲಿ ಅಲ್ಲ, ಅವಳು ಆಡುವ ಕನ್ನಡದಲ್ಲಿ ಬೇಕು.

ಅದಕ್ಕೆ ಹೊಸ ಕಟ್ಟಡವನ್ನು ಕಟ್ಟಿಸಬೇಕಾಗಿಲ್ಲ. ತಿಂಗಳ ಗುಳಿಗೆಗಾಗಿ ಬಂದವರು ಜಿಲ್ಲಾ ದವಾಖಾನೆಯ ಬೆಂಚಿನ ಮೇಲೆ ಹೇಗೂ ಎರಡು ಮೂರು ತಾಸು ಸರದಿ ಕಾಯುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಒಂದು ಕೋಣೆಯಲ್ಲಿ ಕೂಡಿಸಿ ಪಾಠ ಹೇಳಬಹುದು, ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳಬಹುದು. ಅಷ್ಟು ಹೊತ್ತು ಹೊರಗೆ ರೋಗಿಗಳ ಬಳಿ ಕೂಡ್ರುವದಕ್ಕೆ ಮಾತ್ರ ಒಬ್ಬರನ್ನು ನೇಮಿಸಿ, ಅವರಿಗೆ ಪಗಾರ ಕೊಡಬೇಕಾಗುವದು.