ಬೇಲಿಯೇ ಹೊಲ ಮೇಯ್ದರೆ: ಸ್ತನ ಕ್ಯಾನ್ಸರ್‌ನಲ್ಲಿ ಕಾವಲು ಕೋಶಗಳ ಎರಡು ಮುಖ

ಸೊಲ್ಲಾಪುರ: ಎದೆಯಲ್ಲಿ ಗಂಟು ಕಂಡರೂ 'ನೋಯೂದಿಲ್ಲಲ್ಲ, ಬಿಡು' ಎನ್ನುವ ಹೆಣ್ಣುಮಕ್ಕಳು ಗಡಿ ಭಾಗದ ಊರುಗಳಲ್ಲಿ ಇಂದಿಗೂ ಇದ್ದಾರೆ. ರೋಗನಿರೋಧಕ ಶಕ್ತಿ ಹೆಚ್ಚಿದರೆ ಗಂಟು ತಾನೇ ಕರಗುತ್ತದೆಂದು ಪುಡಿ, ಕಷಾಯಗಳಲ್ಲೇ ತಿಂಗಳುಗಟ್ಟಲೆ ಕಳೆಯುವವರೂ ಉಂಟು. ಆದರೆ ಕ್ಯಾನ್ಸರ್ ಗಂಟಿನ ಒಳಗಿನ ಕಥೆಯೇ ಬೇರೆ. ಅಲ್ಲಿ ಕಾವಲುಗಾರರಿಗೆ ಬರವಿಲ್ಲ. ಅವರಲ್ಲಿ ಕೆಲವರು ಕಳ್ಳನ ಕಡೆ ಸೇರಿರುತ್ತಾರೆ.

ಗಂಟು ಎಂದರೆ ಬರೀ ಕ್ಯಾನ್ಸರ್ ಕೋಶಗಳ ಮುದ್ದೆಯಲ್ಲ. ರಕ್ತನಾಳ, ನಾರು, ರಕ್ಷಣಾ ಕೋಶಗಳೂ ಅದರಲ್ಲಿರುತ್ತವೆ. ಈ ಕಾವಲು ಪಡೆಯಲ್ಲಿ ಮ್ಯಾಕ್ರೊಫೇಜ್ ಮುಖ್ಯ. ರೋಗಾಣುಗಳನ್ನು ನುಂಗುವುದು, ಗಾಯದ ದುರಸ್ತಿಗೆ ನೆರವಾಗುವುದು ಇದರ ಕಸುಬು. ಕ್ಯಾನ್ಸರ್ ಈ ದುರಸ್ತಿ ಗುಣವನ್ನೇ ಬಳಸಿಕೊಳ್ಳುತ್ತದೆ. ಮಾಯದ ಗಾಯದ ಆರೈಕೆಗೆ ಹಚ್ಚಿದಂತೆ ಇವನ್ನು ಕರೆಸಿ ದುಡಿಸುತ್ತದೆ. ಆಗ ಇವು ಹೊಸ ರಕ್ತನಾಳ ಹುಟ್ಟಲು ನೆರವಾಗುತ್ತವೆ, ಕ್ಯಾನ್ಸರ್ ಕೋಶ ರಕ್ತದೊಳಗೆ ನುಸುಳಲು ದಾರಿ ಮಾಡಿಕೊಡುತ್ತವೆ.

ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಜೆಫ್ರಿ ಪೊಲಾರ್ಡ್ ಅವರ ತಂಡ 2001ರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ ಇದನ್ನು ತೋರಿಸಿಕೊಟ್ಟಿತು. ಮ್ಯಾಕ್ರೊಫೇಜ್‌ಗಳನ್ನು ಕರೆತರುವ ಸಿಎಸ್‌ಎಫ್-1 ಎಂಬ ಅಂಶವಿಲ್ಲದ ಇಲಿಗಳಲ್ಲೂ ಗಂಟು ಹುಟ್ಟಿತು. ಆದರೆ ಅದು ಉಗ್ರವಾಗುವುದು ತಡವಾಯಿತು, ಶ್ವಾಸಕೋಶಕ್ಕೆ ಹರಡುವುದು ತೀರ ಕಡಿಮೆಯಾಯಿತು.

ಬ್ರೇಕ್ ಒತ್ತುವ ಕ್ಯಾನ್ಸರ್

ಎಲ್ಲ ಕಾವಲುಗಾರರೂ ಹೀಗಲ್ಲ. ಟಿ-ಕೋಶಗಳು ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ 'ಟ್ರಿಪಲ್ ನೆಗೆಟಿವ್' ಬಗೆಯ ಗಂಟಿನಲ್ಲಿ ರಕ್ಷಣಾ ಕೋಶಗಳು ಹೆಚ್ಚಿದ್ದವರು ಚೇತರಿಸಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಆದರೆ ಕ್ಯಾನ್ಸರ್ ಸುಮ್ಮನಿರುವುದಿಲ್ಲ. ಪಿಡಿ-ಎಲ್1 ಎಂಬ ಪ್ರೋಟೀನ್ ತೋರಿಸಿ ಟಿ-ಕೋಶದ ಬ್ರೇಕ್ ಒತ್ತಿಬಿಡುತ್ತದೆ. ಟಿ-ಕೋಶಗಳ ಬ್ರೇಕ್ ಕುರಿತ ಸಂಶೋಧನೆಗೇ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಔಷಧವನ್ನು ಟ್ರಿಪಲ್ ನೆಗೆಟಿವ್ ರೋಗಕ್ಕೆ ಕಿಮೋ ಜತೆ ಕೊಡಲು ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಹರಡುವ ಮುನ್ನವೇ ಪತ್ತೆಯಾದ, ಅಪಾಯ ಹೆಚ್ಚಿರುವ ರೋಗಿಗಳಿಗೂ 2021ರಲ್ಲಿ ದೊರೆಯಿತು. ಇದು ದುಬಾರಿ ಔಷಧ, ಎಲ್ಲರಿಗೂ ಒಗ್ಗದು. ಬ್ರೇಕ್ ಬಿಟ್ಟ ಟಿ-ಕೋಶಗಳು ಥೈರಾಯ್ಡ್, ಶ್ವಾಸಕೋಶ, ಕರುಳಿನ ಮೇಲೂ ಎರಗಬಹುದು. ಹೀಗಿರುವಾಗ ಪುಡಿ ತಿಂದು ಶಕ್ತಿ ಹೆಚ್ಚಿಸಿಕೊಂಡರೆ ಗಂಟು ಕರಗೀತೆಂದು ಕಾಯುವುದು ಅಪಾಯ.

ಕೈ ತಪಾಸಣೆಯ ಬೆಲೆ

ಬೇಗ ಪತ್ತೆಯಾದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ಪುರಾವೆಯಿದೆ. ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ, ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆ ತಪಾಸಣೆ ಮಾಡಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ತಗ್ಗಿತ್ತು.

ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯಿದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದೂ ಬಾರ್ಶಿಯಲ್ಲೇ, 1987ರಲ್ಲಿ. ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಗಂಟು ಮೊದಮೊದಲು ನೋಯದೇ ಇರುವುದೇ ಹೆಚ್ಚು. ಅದಕ್ಕೇ ನಾಚಿಕೆ ಬಿಟ್ಟು, ಹತ್ತಿರದ ಸರಕಾರಿ ದವಾಖಾನೆಯಲ್ಲಾದರೂ ಮೊದಲು ತೋರಿಸಬೇಕು. ಅದು ಎಂಥ ಗಂಟು ಅಂತ ತಿಳಿಯೋದು ಪರೀಕ್ಷೆ ಮಾಡಿಸಿದ ಮೇಲೇ.