ಬರಹವೆಂಬ ಕಾಯಕ, ಓದುಗನೆಂಬ ಜಂಗಮ

ಬರೆಯುವವನು ತನಗಾಗಿ ಬರೆಯುತ್ತಾನೆಯೋ, ಓದುಗರಿಗಾಗಿ ಬರೆಯುತ್ತಾನೆಯೋ ಎಂಬ ಪ್ರಶ್ನೆ ಸಾಹಿತ್ಯಗೋಷ್ಠಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ತನಗಾಗಿ ಎನ್ನುವವರು ಅಂತರಂಗದ ಪ್ರಾಮಾಣಿಕತೆಯನ್ನು ಮುಂದಿಡುತ್ತಾರೆ. ಓದುಗರಿಗಾಗಿ ಎನ್ನುವವರು ಲೋಕೋಪಯೋಗವನ್ನು ಎತ್ತಿ ಹೇಳುತ್ತಾರೆ. ೧೨ನೆಯ ಶತಮಾನದ ಶಿವಶರಣರ ವಚನ ಸಾಹಿತ್ಯವನ್ನು ಈ ಪ್ರಶ್ನೆಯ ಎದುರಿಗಿಟ್ಟು ನೋಡಿದರೆ, ಇವೆರಡೂ ಪರಸ್ಪರ ವಿರುದ್ಧವಾದ ದಾರಿಗಳಲ್ಲವೆಂಬುದು ಮನದಟ್ಟಾಗುತ್ತದೆ.

ವಚನವೆಂದರೆ ಆಡಿದ ಮಾತು. ಕೊಟ್ಟ ಭಾಷೆ ಎಂಬ ಅರ್ಥವೂ ಅದಕ್ಕುಂಟು. ಶರಣರು ಕವಿಗಳೆನಿಸಿಕೊಳ್ಳುವ ಹಂಬಲದಿಂದ ನುಡಿದವರಲ್ಲ. ಬಸವಣ್ಣನವರು ಕೂಡಲಸಂಗಮದೇವನನ್ನೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನನ್ನೂ ನೆನೆದು ಮಾತು ಮುಗಿಸಿದರು. ಅಲ್ಲಿ ಕೊನೆಗೆ ನಿಲ್ಲುವುದು ಇಷ್ಟದೈವದ ಹೆಸರೇ ಹೊರತು ನುಡಿದವರ ಹೆಸರಲ್ಲ. ಬಸವಣ್ಣನವರಂತೂ ಎಷ್ಟೋ ವಚನಗಳಲ್ಲಿ ತಮ್ಮ ಮನಸ್ಸಿನ ಚಾಂಚಲ್ಯವನ್ನು ತಾವೇ ಜರೆದುಕೊಂಡಿದ್ದಾರೆ. ಲಿಂಗಸಾಕ್ಷಿಯಾಗಿ ನಡೆದ ಈ ಆತ್ಮಪರೀಕ್ಷೆಯನ್ನು ಕಂಡಾಗ, ವಚನವು ಮೊದಲು ತನಗಾಗಿಯೇ ಹುಟ್ಟಿತೆಂದು ಹೇಳಬೇಕಾಗುತ್ತದೆ.

ಆದರೆ ತಮಗಾಗಿ ಮಾತ್ರವೇ ಆಗಿದ್ದರೆ ಅವರಿಗೆ ಮೌನವೇ ಸಾಕಾಗುತ್ತಿತ್ತು. ಶಾಸ್ತ್ರವಿಚಾರವು ಬಹುಮಟ್ಟಿಗೆ ಸಂಸ್ಕೃತದಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅವರು ದುಡಿಯುವ ಜನರ ಕನ್ನಡವನ್ನು ಆರಿಸಿಕೊಂಡರು. ಕೇಳುವವರ ಮೇಲಿನ ಕರುಣೆಯಿಲ್ಲದೆ ಇಂಥ ಆಯ್ಕೆ ಸಾಧ್ಯವಿರಲಿಲ್ಲ. ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಆಯ್ದಕ್ಕಿ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮ ಮನೆಮನೆಗೂ ಪರಿಚಿತ. ಆಗ ಅದನ್ನು ಕೇಳಿದವರು ಪತಿಯೊಬ್ಬರೇ. ಆದರೂ ಆಸೆಗೆ ಕಡಿವಾಣ ಹಾಕುವ ಆ ನುಡಿ ಇಂದಿನ ಗೃಹಸ್ಥರೆಲ್ಲರಿಗೂ ಸಲ್ಲುತ್ತದೆ. ಅಂಬಿಗರ ಚೌಡಯ್ಯನವರದು ಇನ್ನೊಂದು ಬಗೆ. ಅವರು ದೋಣಿ ನಡೆಸುವ ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿರಿಸಿಕೊಂಡು, ಲೋಕದ ಡಾಂಭಿಕತೆಯನ್ನು ನೇರವಾಗಿ ಖಂಡಿಸಿದರು. ಕೇಳಿದವರು ಮೆಚ್ಚಲೆಂದು ಅವರು ಮಾತನ್ನು ಮೆದುಗೊಳಿಸಲಿಲ್ಲ.

ಇದರ ಮರ್ಮ ಕಾಯಕ ಮತ್ತು ದಾಸೋಹ ತತ್ತ್ವಗಳಲ್ಲಿದೆ. ಕಾಯಕವನ್ನು ಮಾಡುವವನು ಶುದ್ಧ ಮನಸ್ಸಿನಿಂದ ಮಾಡಬೇಕು. ಅದರ ಫಲವು ಜಂಗಮಕ್ಕೆ, ಸಮಾಜಕ್ಕೆ ಸಲ್ಲಬೇಕು. ಮಠದ ದಾಸೋಹದಲ್ಲಿ ಅಡಿಗೆ ಮಾಡುವವನನ್ನು ನೋಡಿರಿ. ಅವನು ತನ್ನೊಬ್ಬನ ಹೊಟ್ಟೆಗಾಗಿ ಒಲೆ ಹೊತ್ತಿಸುವುದಿಲ್ಲ. ಪಂಕ್ತಿಯಲ್ಲಿ ಕುಳಿತವರ ಹೊಗಳಿಕೆಗಾಗಿಯೂ ಕೈಯಾಡಿಸುವುದಿಲ್ಲ. ಅವನ ಗಮನವೆಲ್ಲ ಬಂದವರ ಹಸಿವಿನ ಮೇಲೆ. ಬರಹಗಾರನ ನಿಲುವೂ ಹೀಗಿರಬೇಕು. ಅನುಭವ ತನ್ನದಾಗಿರಲಿ, ಪ್ರಸಾದ ಎಲ್ಲರದಾಗಲಿ.

ಓದುಗನ ಹೊಣೆಯೂ ಕಡಿಮೆಯದಲ್ಲ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಅಲ್ಲಮಪ್ರಭುಗಳೊಡನೆ ಶರಣರು ನಡೆಸಿದ ಸಂವಾದದ ರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಅವರು ಮೊದಲು ಓದುಗರು, ಬಳಿಕ ಸಂಪಾದಕರು. ಮುಂದೆ ಎಷ್ಟೋ ಮನೆಗಳಲ್ಲಿ ತಾಳೆಗರಿಯ ಕಟ್ಟುಗಳು ಪೂಜೆಗೆ ಮಾತ್ರ ಮೀಸಲಾದವು. ಬಿಚ್ಚಿ ಓದುವವರು ವಿರಳರಾದರು. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಇದಕ್ಕಾಗಿ ತಮ್ಮ ಗಳಿಕೆಯನ್ನೆಲ್ಲ ಸವೆಸಿದರು. ಓದುಗನೊಬ್ಬನು ತನ್ನ ಋಣವನ್ನು ತೀರಿಸಿದ ಬಗೆ ಇದು. ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು ೧೫ ಸಂಪುಟಗಳಲ್ಲಿ ಹೊರತಂದಿತು.

ಇಂದು ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ತಾಳೆಗರಿಯ ಕಟ್ಟಿಗೆ ಅಂದು ಬಂದ ಗತಿಯೇ ಅಚ್ಚಾದ ಸಂಪುಟಗಳಿಗೂ ಬರಬಾರದು. ಕಪಾಟಿನಲ್ಲಿ ಒಪ್ಪವಾಗಿ ಜೋಡಿಸಿಟ್ಟ ವಚನ ಮನೆಯ ಮಕ್ಕಳ ಕಿವಿಗೆ ಬೀಳದಿದ್ದರೆ ಅದನ್ನು ಉಳಿಸಿದವರ ಶ್ರಮ ಅರ್ಧಕ್ಕೇ ನಿಂತಂತೆ. ಸಂಜೆ ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಕುಳಿತು ಒಂದು ವಚನವನ್ನಾದರೂ ಓದಿ, ಅದು ತಮ್ಮ ನಡೆಗೆ ಹೇಗೆ ಸಲ್ಲುತ್ತದೆಂದು ನಾಲ್ಕು ಮಾತನಾಡಲಿ. ಬರೆಯುವ ಹವ್ಯಾಸವುಳ್ಳ ತರುಣರು ಲೇಖನಿ ಹಿಡಿಯುವ ಮುನ್ನ, ತಾನು ನಡೆಯಲಾಗದ ಮಾತನ್ನು ಬರೆಯುತ್ತಿದ್ದೇನೆಯೇ ಎಂದು ಲಿಂಗದ ಮುಂದೆ ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಅಂಜದೆ ಬರೆದದ್ದು ತನಗೂ ಹಿತ, ಓದುವವರಿಗೂ ಹಿತ.